ಹಳೆಯ ಕಾಂಪೊಸಿಷನ್ ಗೊಂಬೆಗಳ ಸಂಗ್ರಹ: ಮೈ ನೋಡಿ ಕೊಳ್ಳುವುದು, ಹವೆ ನೋಡಿ ಇಡುವುದು

ಅಮೆರಿಕದ ಹಳೆಯ ಸಾಮಾನಿನ ಸಂತೆಗಳಲ್ಲಿ, ಆಂಟಿಕ್ ಅಂಗಡಿಗಳಲ್ಲಿ, ಮನೆ ಖಾಲಿ ಮಾಡುವವರು ನಡೆಸುವ ಎಸ್ಟೇಟ್ ಸೇಲ್‌ಗಳಲ್ಲಿ, ಮರದ ಪುಡಿ ಮತ್ತು ಅಂಟಿನ ಮಿಶ್ರಣದಿಂದ ಮಾಡಿದ ಕಾಂಪೊಸಿಷನ್ ಗೊಂಬೆಗಳು ಇಂದಿಗೂ ಕೈಗೆ ಸಿಗುತ್ತವೆ. ಸುಮಾರು 1910ರಿಂದ 1940ರ ದಶಕದ ಕೊನೆಯವರೆಗೆ ಅಲ್ಲಿನ ಮಕ್ಕಳು ಆಡಿದ ಗೊಂಬೆಗಳಲ್ಲಿ ಬಹುಪಾಲು ಇವೇ ಆಗಿದ್ದವು. ಪಿಂಗಾಣಿ ಗೊಂಬೆಯಂತೆ ಕೆಳಗೆ ಬಿದ್ದೊಡನೆ ಒಡೆಯದ ಇವು ಕಾಲಕ್ರಮದಲ್ಲಿ ಹವೆಗೆ ಸಿಕ್ಕಿ ಬಿರಿಯುತ್ತವೆ. ಆದ್ದರಿಂದ ಹೊಸದಾಗಿ ಸಂಗ್ರಹ ಆರಂಭಿಸುವವರು ಗೊಂಬೆಯ ಮೈಯನ್ನು ಮೊದಲು ನೋಡಬೇಕು, ಕಂಪನಿಯ ಹೆಸರನ್ನು ಆಮೇಲೆ ನೋಡಬೇಕು. ಹೆಸರಿಗೆ ಮರುಳಾಗಿ ಬಣ್ಣ ಏಳುತ್ತಿರುವ ಗೊಂಬೆಯನ್ನು ಕೊಂಡವರು ಕೆಲವೇ ವರ್ಷಗಳಲ್ಲಿ ಅದರ ಮುಖವನ್ನೇ ಕಳೆದುಕೊಳ್ಳುತ್ತಾರೆ. ಸಾಧಾರಣ ಹೆಸರಿನದಾದರೂ ಗಟ್ಟಿ ಮೈಯ ಗೊಂಬೆಯನ್ನು ಸರಿಯಾಗಿ ಇಟ್ಟುಕೊಂಡರೆ ಅದು ಮುಂದಿನ ತಲೆಮಾರಿಗೂ ಉಳಿಯುತ್ತದೆ.

ಮೊದಲು ವಸ್ತುವನ್ನು ಅರ್ಥಮಾಡಿಕೊಳ್ಳಿ

ಸಂಗ್ರಾಹಕರು ಪ್ರೀತಿಯಿಂದ ‘ಕಾಂಪೊ’ ಎಂದು ಕರೆಯುವ ಈ ವಸ್ತುವಿನ ಮುಖ್ಯ ಭಾಗ ಮರದ ಪುಡಿ ಮತ್ತು ಅಂಟು. ಕಂಪನಿಗೊಂದು ಪಾಕವಿತ್ತು, ಕೆಲವರು ಪಿಷ್ಟ ಸೇರಿಸುತ್ತಿದ್ದರು, ಕೆಲವರು ರಾಳ ಸೇರಿಸುತ್ತಿದ್ದರು. ರಷ್ಯಾದಿಂದ ವಲಸೆ ಬಂದಿದ್ದ ಸಾಲೊಮನ್ ಹಾಫ್‌ಮನ್ ಎಂಬಾತ 1890ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ‘ಕಾಂಟ್ ಬ್ರೇಕ್ ಎಮ್’ ಎಂಬ ಹೆಸರಿನಿಂದ ಇಂಥ ಗೊಂಬೆಗಳನ್ನು ಮಾಡಿದ. ಮುಂದೆ ಆ ಪಾಕ ಹಾರ್ಸ್‌ಮನ್ ಕಂಪನಿಯ ಗೊಂಬೆಗಳಿಗೆ ಬಳಕೆಯಾಯಿತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಜರ್ಮನಿಯ ಪಿಂಗಾಣಿ ಗೊಂಬೆಗಳ ಆಮದಿಗೆ ತಡೆ ಬಿದ್ದಾಗ ಅಮೆರಿಕದ ತಯಾರಕರಿಗೆ ದೊಡ್ಡ ಅವಕಾಶ ಒದಗಿತು. ಮೊದಮೊದಲಿನ ಗೊಂಬೆಗಳಿಗೆ ತಲೆ ಮತ್ತು ಕೈಗಳು ಮಾತ್ರ ಕಾಂಪೊಸಿಷನ್ನಿನವು, ಮೈ ಬಟ್ಟೆಯದು. 1920ರ ದಶಕದ ಕೊನೆಯ ವೇಳೆಗೆ ತಲೆ, ಮುಂಡ, ಕೈಕಾಲು ಎಲ್ಲವೂ ಕಾಂಪೊಸಿಷನ್ನಿನದೇ ಆಗಿ, ಒಳಗಿನ ಇಲಾಸ್ಟಿಕ್ ದಾರ ಅವುಗಳನ್ನು ಹಿಡಿದಿಡುವ ಮಾದರಿ ಹೆಚ್ಚು ಜನಪ್ರಿಯವಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಗಟ್ಟಿ ಪ್ಲಾಸ್ಟಿಕ್ ಬಂದು, 1950ರ ಹೊತ್ತಿಗೆ ಈ ಅಧ್ಯಾಯ ಹೆಚ್ಚುಕಡಿಮೆ ಮುಗಿಯಿತು.

ಅಚ್ಚಿನಿಂದ ತೆಗೆದ ಭಾಗಗಳನ್ನು ಉಜ್ಜಿ, ಮೈಬಣ್ಣದಲ್ಲಿ ಅದ್ದಿ, ಕೆನ್ನೆ ತುಟಿಗಳಿಗೆ ಬಣ್ಣವಿಟ್ಟು, ಮೇಲೆ ಲ್ಯಾಕರ್ ಹೊದಿಸುತ್ತಿದ್ದರು. ಗೊಂಬೆಯ ಮುಂದಿನ ಎಲ್ಲ ತೊಂದರೆಗಳ ಮೂಲ ಇಲ್ಲಿದೆ. ಒಳಗಿನ ಮರದ ಪುಡಿ ಮತ್ತು ಅಂಟು ತೇವ ಹೀರಿ ಉಬ್ಬುತ್ತವೆ, ತೇವ ಬಿಟ್ಟು ಕುಗ್ಗುತ್ತವೆ. ಮೇಲಿನ ಬಣ್ಣದ ಪೊರೆ ಅಷ್ಟು ಹಿಗ್ಗಲಾರದು, ಅಷ್ಟು ಕುಗ್ಗಲಾರದು. ಹೀಗೆ ಎಷ್ಟೋ ಮಳೆಗಾಲ ಮತ್ತು ಬೇಸಿಗೆಗಳನ್ನು ಕಂಡ ಮೇಲೆ ಪೊರೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳ ಬಲೆ ಮೂಡುತ್ತದೆ. ಇದನ್ನು ಸಂಗ್ರಾಹಕರು ಕ್ರೇಜಿಂಗ್ ಎನ್ನುತ್ತಾರೆ. ಅದು ಮುಂದುವರಿದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ, ಕೊನೆಗೆ ಒಳಗಿನ ವಸ್ತುವೇ ಸೀಳುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳ ಗೊಂಬೆಗಳನ್ನು ಬಲ್ಲವರಿಗೆ ಈ ಗುಣ ಹೊಸದೆನಿಸದು. ಅಲ್ಲಿಯೂ ಮರದ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಹಗುರ ಮರದ ಭಾಗಗಳನ್ನು ಜೋಡಿಸಲು, ಮೇಲ್ಮೈ ತಿದ್ದಲು ಬಳಸಿ ಅದರ ಮೇಲೆ ಬಣ್ಣ ಕೊಡುತ್ತಾರೆ. ದಸರಾ ಗೊಂಬೆಗಳನ್ನು ವರ್ಷವಿಡೀ ಪೆಟ್ಟಿಗೆಯಲ್ಲಿ ಕಾಪಾಡಿ ಬಲ್ಲ ಮನೆಯವರಿಗೆ ಕಾಂಪೊಸಿಷನ್ ಗೊಂಬೆಯ ಆರೈಕೆಯ ಅರ್ಧ ಪಾಠ ಆಗಲೇ ಗೊತ್ತಿದೆ.

ಸಂಗ್ರಹಕ್ಕೆ ಒಂದು ಎಲ್ಲೆ ಹಾಕಿಕೊಳ್ಳಿ

ಕಂಡದ್ದನ್ನೆಲ್ಲ ಕೊಳ್ಳಹೊರಟರೆ ಹಣವೂ ಹೋಗುತ್ತದೆ, ಜಾಗವೂ ಹೋಗುತ್ತದೆ, ಕಣ್ಣೂ ಪಳಗುವುದಿಲ್ಲ. ಒಂದು ಕಂಪನಿ, ಒಂದು ದಶಕ ಅಥವಾ ಒಂದು ಪಾತ್ರವನ್ನು ಹಿಡಿದುಕೊಂಡು ಆರಂಭಿಸುವುದು ಒಳ್ಳೆಯದು. ಹೊಸಬರಿಗೆ ನಾನು ಎಫನ್‌ಬೀ ಕಂಪನಿಯ ‘ಪ್ಯಾಟ್ಸಿ’ ಕುಟುಂಬವನ್ನು ಸೂಚಿಸುತ್ತೇನೆ. 1928ರಲ್ಲಿ ಮಾರುಕಟ್ಟೆಗೆ ಬಂದ ಪ್ಯಾಟ್ಸಿ ಸುಮಾರು 14 ಇಂಚಿನ ಗೊಂಬೆ. ಕತ್ತರಿಸಿದ ಗಿಡ್ಡ ಕೂದಲನ್ನು ತಲೆಯ ಅಚ್ಚಿನಲ್ಲೇ ಮೂಡಿಸಿದ್ದಾರೆ, ಬಲಗೈ ಮೊಣಕೈಯಲ್ಲಿ ತುಸು ಬಾಗಿದೆ, ತುಟಿ ಮುಚ್ಚಿದೆ. ಅದರ ಯಶಸ್ಸಿನ ಮೇಲೆ 9 ಇಂಚಿನ ಪ್ಯಾಟ್ಸಿಯೆಟ್, 19 ಇಂಚಿನ ಪ್ಯಾಟ್ಸಿ ಆ್ಯನ್, 22 ಇಂಚಿನ ಪ್ಯಾಟ್ಸಿ ಲೂ ಮುಂತಾದವು ಬಂದವು. ಅಳತೆಗಳು ಸ್ಪಷ್ಟ, ಗುರುತುಗಳು ಸ್ಪಷ್ಟ, ಸಾಕಷ್ಟು ಸಂಖ್ಯೆಯಲ್ಲಿ ಸಿಗುತ್ತವೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ಕಲಿಯಲು ಇದಕ್ಕಿಂತ ಅನುಕೂಲದ ಸಾಲು ಬೇರೊಂದಿಲ್ಲ.

ಎಲ್ಲರ ಕಣ್ಣು ಹೋಗುವುದು ಐಡಿಯಲ್ ಕಂಪನಿ 1934ರಲ್ಲಿ ತಂದ ಶರ್ಲಿ ಟೆಂಪಲ್ ಗೊಂಬೆಯ ಕಡೆಗೆ. ಬಾಲನಟಿಯ ಗುಳಿಕೆನ್ನೆ, ಮೇಲ್ಸಾಲಿನ ಪುಟ್ಟ ಹಲ್ಲುಗಳು ಕಾಣುವ ನಗು, ಮೊಹೇರ್ (ಅಂಗೋರಾ ಮೇಕೆಯ ಉಣ್ಣೆ) ಕೂದಲಿನ ಹೊಂಬಣ್ಣದ ಸುರುಳಿಗಳು ಇದರ ಲಕ್ಷಣ; 11 ಇಂಚಿನಿಂದ 27 ಇಂಚಿನವರೆಗೆ ಹಲವು ಅಳತೆಗಳಲ್ಲಿ ತಯಾರಾಯಿತು. ಇದನ್ನು ರೂಪಿಸಿದ ಬರ್ನಾರ್ಡ್ ಲಿಪ್‌ಫರ್ಟ್ ಎಂಬ ಶಿಲ್ಪಿಯೇ ಪ್ಯಾಟ್ಸಿಯನ್ನೂ ರೂಪಿಸಿದ್ದ ಎಂಬುದು ಎರಡನ್ನೂ ಕೈಯಲ್ಲಿ ಹಿಡಿದು ನೋಡುವವರಿಗೆ ಸಂತೋಷ ಕೊಡುವ ಸಂಗತಿ. ಆದರೆ ಬೇಡಿಕೆ ಇದ್ದಲ್ಲಿ ನಕಲು ಇರುತ್ತದೆ. ಶರ್ಲಿಯನ್ನು ಹೋಲುವ, ಗುರುತಿಲ್ಲದ ಗೊಂಬೆಗಳು ಆ ಕಾಲದಲ್ಲೇ ಬಂದವು. 1957ರಲ್ಲಿ ಇದೇ ಕಂಪನಿ ಮಾಡಿದ ಶರ್ಲಿ ವಿನೈಲ್‌ನದು, ಅದು ಬೇರೆಯೇ ಸಂಗ್ರಹ.

ಮೇಡಂ ಅಲೆಕ್ಸಾಂಡರ್ ಕಂಪನಿಯ ಡಿಯೋನ್ ಪಂಚವಳಿ ಗೊಂಬೆಗಳು ಮೂರನೆಯ ದಾರಿ. ಕೆನಡಾದ ಒಂಟಾರಿಯೊದಲ್ಲಿ 1934ರ ಮೇ 28ರಂದು ಹುಟ್ಟಿದ ಐವರು ಅವಳಿ ಸೋದರಿಯರ ರೂಪದ ಈ ಗೊಂಬೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ: ಇವಾನ್‌ಗೆ ಗುಲಾಬಿ, ಆ್ಯನೆಟ್‌ಗೆ ಹಳದಿ, ಸೆಸಿಲ್‌ಗೆ ಹಸಿರು, ಎಮಿಲಿಗೆ ತಿಳಿ ನೇರಳೆ, ಮರಿಗೆ ನೀಲಿ. ಐದೂ ಒಟ್ಟಿಗಿರುವ ಸೆಟ್ಟನ್ನು ಕೊಳ್ಳುವಾಗ ಐದರ ಮೈಬಣ್ಣ ಒಂದೇ ಹದಕ್ಕೆ ಮಾಸಿದೆಯೇ ಎಂದು ನೋಡಬೇಕು. ಒಂದು ಮಾತ್ರ ಹೊಳೆಯುತ್ತಿದ್ದರೆ ಅದು ಬೇರೆಲ್ಲಿಂದಲೋ ಬಂದು ಸೇರಿದ್ದು.

ಗುರುತು ಹುಡುಕುವುದು

ತಲೆಯ ಹಿಂಭಾಗ, ಕತ್ತಿನ ಬುಡ, ಎರಡು ಭುಜಗಳ ನಡುವಿನ ಬೆನ್ನು: ಗುರುತು ಇರುವುದು ಈ ಮೂರು ಕಡೆ. ದೀಪವನ್ನು ಓರೆಯಾಗಿ ಹಿಡಿದರೆ ಬಣ್ಣ ತುಂಬಿಕೊಂಡ ಅಕ್ಷರಗಳೂ ಓದಲು ಬರುತ್ತವೆ. ಪ್ಯಾಟ್ಸಿಯ ಬೆನ್ನ ಮೇಲೆ ಕಂಪನಿಯ ಮತ್ತು ಗೊಂಬೆಯ ಹೆಸರಿರುತ್ತದೆ; ಶರ್ಲಿಯ ತಲೆ ಮತ್ತು ಬೆನ್ನಿನ ಮೇಲೆ ಆಕೆಯ ಹೆಸರು, ಹಲವು ಬಾರಿ ಅಳತೆಯ ಸಂಖ್ಯೆ ಇರುತ್ತದೆ. ‘ಆರ್ ಅಂಡ್ ಬಿ’ ಎಂದಿದ್ದರೆ ಅದು ಆರನ್‌ಬೀ ಕಂಪನಿಯದು. ತಲೆಯ ಮೇಲಿನ ಸಂಖ್ಯೆಗೂ ಬೆನ್ನ ಮೇಲಿನ ಸಂಖ್ಯೆಗೂ ತಾಳೆಯಾಗದಿದ್ದರೆ ಎರಡು ಗೊಂಬೆಗಳನ್ನು ಸೇರಿಸಿ ಒಂದು ಮಾಡಿರಬಹುದು ಎಂದು ಸಂಶಯ ಪಡಬೇಕು. ಯಾವ ಗುರುತೂ ಇಲ್ಲದ ಗೊಂಬೆಗಳು ಬಹಳ ಇವೆ, ಅವುಗಳಲ್ಲಿ ಚೆಂದದವೂ ಇವೆ. ಆದರೆ ಗುರುತಿಲ್ಲದ್ದನ್ನು ದೊಡ್ಡ ಹೆಸರಿನ ಬೆಲೆಗೆ ಕೊಳ್ಳಬೇಡಿ.

ಉಡುಪಿನ ಒಳಗಿನ ಚೀಟಿ, ಎಫನ್‌ಬೀ ಗೊಂಬೆಯ ಕೈಗೆ ಕಟ್ಟುತ್ತಿದ್ದ ಹೃದಯಾಕಾರದ ಪುಟ್ಟ ಲೋಹದ ಬ್ರೇಸ್‌ಲೆಟ್, ಶರ್ಲಿಯ ಅಂಗಿಗೆ ಸಿಕ್ಕಿಸುತ್ತಿದ್ದ ಫೋಟೊ ಇರುವ ಬಟನ್ ಇವು ಬೆಲೆ ಏರಿಸುವ ಸಂಗತಿಗಳು. ಇವನ್ನು ಬಿಡಿಯಾಗಿ ಮಾರುವವರೂ ಹೊಸದಾಗಿ ಮಾಡುವವರೂ ಇರುವುದರಿಂದ, ಇವನ್ನೇ ಏಕಮಾತ್ರ ಪುರಾವೆ ಎಂದು ತೆಗೆದುಕೊಳ್ಳುವಂತಿಲ್ಲ.

ಮೈ ಪರೀಕ್ಷೆ

ಗೊಂಬೆಯನ್ನು ಕೊಳ್ಳುವ ಮುನ್ನ ಕನಿಷ್ಠ ಕಾಲು ಗಂಟೆ ಅದರ ಜೊತೆ ಕುಳಿತುಕೊಳ್ಳಿ. ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ಸಣ್ಣ ಟಾರ್ಚು, ಒಂದು ಭೂತಗನ್ನಡಿ, ಸಾಧ್ಯವಾದರೆ ಒಂದು ಕಿರು ಅಲ್ಟ್ರಾವಯಲೆಟ್ ದೀಪ, ಕೆಳಗೆ ಹಾಸಲು ಒಂದು ಮೆತ್ತನೆಯ ಬಟ್ಟೆ.

ಮೊದಲು ಇದು ಕಾಂಪೊಸಿಷನ್ನೇ ಎಂದು ಖಚಿತ ಮಾಡಿಕೊಳ್ಳಿ. ಉಗುರಿನಿಂದ ಬೆನ್ನ ಮೇಲೆ ಮೆಲ್ಲಗೆ ತಟ್ಟಿದರೆ ಕಾಂಪೊಸಿಷನ್ ಮಂದವಾದ, ಮರದ ಸದ್ದು ಕೊಡುತ್ತದೆ. ಗಟ್ಟಿ ಪ್ಲಾಸ್ಟಿಕ್ ಚುರುಕಾಗಿ ಟಕ್ ಎನ್ನುತ್ತದೆ. ಪಿಂಗಾಣಿ ಮುಟ್ಟಲು ತಣ್ಣಗಿರುತ್ತದೆ. ಮಾರುವವರ ಅನುಮತಿ ಪಡೆದು ಕೈಯನ್ನು ಅರ್ಧ ಇಂಚು ಹೊರಗೆಳೆದು ತೋಳಿನ ರಂಧ್ರದೊಳಗೆ ಟಾರ್ಚು ಬಿಟ್ಟರೆ ಬಣ್ಣವಿಲ್ಲದ ಕಂದು ಒಳಮೈ ಕಾಣುತ್ತದೆ. ಅದು ಗಟ್ಟಿಯಾಗಿ, ಒಣಗಿ ಇರಬೇಕು. ಪುಡಿ ಉದುರುತ್ತಿದ್ದರೆ, ಕಪ್ಪು ಅಥವಾ ಹಸಿರು ಚುಕ್ಕೆಗಳಿದ್ದರೆ ಆ ಗೊಂಬೆಯನ್ನು ಅಲ್ಲೇ ಬಿಟ್ಟು ಬರುವುದು ಲೇಸು.

ಈಗ ಮುಖ. ಪ್ಯಾಟ್ಸಿಯ ಮುಖವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಕೆನ್ನೆಯ ಮೇಲೆ ಹೊಳಪು ತಡೆಯಿಲ್ಲದೆ ಜಾರುತ್ತಿದೆಯೇ, ಎಲ್ಲಿಯಾದರೂ ಮುಗ್ಗರಿಸುತ್ತಿದೆಯೇ ಎಂಬುದು ಕಾಣುತ್ತದೆ. ಮುಗ್ಗರಿಸಿದಲ್ಲಿ ಭೂತಗನ್ನಡಿ ಹಿಡಿಯಿರಿ. ಬಿರುಕಿನ ಬಲೆಯ ಅಂಚುಗಳು ಚಪ್ಪಟೆಯಾಗಿ ಮೈಗೆ ಅಂಟಿಕೊಂಡಿದ್ದರೆ ಆತಂಕ ಬೇಡ. ಎಂಬತ್ತು ತೊಂಬತ್ತು ವರ್ಷದ ಗೊಂಬೆಗೆ ಅಷ್ಟು ಕ್ರೇಜಿಂಗ್ ಸಹಜ. ಅಂಚುಗಳು ಮೇಲಕ್ಕೆ ಮುರುಟಿಕೊಂಡಿದ್ದರೆ, ಅಡಿಯಲ್ಲಿ ನೆರಳು ಕಾಣುತ್ತಿದ್ದರೆ ಬಣ್ಣ ಮೈಯಿಂದ ಬೇರ್ಪಡುತ್ತಿದೆ ಎಂದು ಅರ್ಥ. ಈ ವ್ಯತ್ಯಾಸವನ್ನು ಗುರುತಿಸಲು ಕಲಿತವರು ಕಾಂಪೊಸಿಷನ್ ಕೊಳ್ಳುವುದನ್ನು ಬಹುಪಾಲು ಕಲಿತಂತೆಯೇ. ಕಣ್ಣಿನ ಮೂಲೆ, ಬಾಯಿಯ ತುದಿ, ಮೂಗಿನ ತುದಿ ಇವು ಮೊದಲು ಬಿಟ್ಟುಕೊಳ್ಳುವ ಜಾಗಗಳು. ಬಳಿಕ ಕತ್ತಿನ ಅಂಚು, ತೋಳು ಮತ್ತು ತೊಡೆಯ ರಂಧ್ರಗಳ ಸುತ್ತ, ಬೆರಳುಗಳ ತುದಿ, ಕಾಲಿನ ಹಿಂಭಾಗದಲ್ಲಿ ಅಚ್ಚಿನ ಎರಡು ಅರ್ಧಗಳು ಕೂಡಿದ ಗೆರೆ ನೋಡಬೇಕು. ಆ ಗೆರೆಯುದ್ದಕ್ಕೂ ಸೀಳು ಬಿಟ್ಟಿದ್ದರೆ ಗೊಂಬೆ ತೇವದ ಏರುಪೇರಿಗೆ ಸಿಕ್ಕಿರಬಹುದು ಎಂದು ಸಂಶಯ ಪಡಬೇಕು.

ಮುಚ್ಚಿ ತೆರೆಯುವ ಕಣ್ಣುಗಳಿದ್ದರೆ ಗೊಂಬೆಯನ್ನು ಮೆಲ್ಲಗೆ ಮಲಗಿಸಿ ಎಬ್ಬಿಸಿ. ಕಣ್ಣು ಅಂಟಿಕೊಂಡಿದ್ದರೆ ಬೆರಳಿನಿಂದ ತಳ್ಳಬೇಡಿ. ಪಾಪೆ ಮಂಜಾಗಿದ್ದರೆ ಅಥವಾ ಒಡೆದಂತೆ ಕಂಡರೆ ಬೆಲೆ ಇಳಿಯಬೇಕು. ಮಂಜಾದ ಕಣ್ಣಿಗೆ ಹೊಲಿಗೆ ಯಂತ್ರದ ಎಣ್ಣೆಯ ಹನಿ ಬಿಡುವ ಹಳೆಯ ರೂಢಿಯೊಂದಿದೆ. ಕ್ಷಣಕಾಲ ಕಣ್ಣು ತಿಳಿಯಾದಂತೆ ಕಂಡರೂ ಎಣ್ಣೆ ಸುತ್ತಲಿನ ಕಾಂಪೊಸಿಷನ್ನಿಗೆ ಇಳಿದು ಕಲೆ ಮಾಡುತ್ತದೆ. ಅದನ್ನು ದಯವಿಟ್ಟು ಮಾಡಬೇಡಿ.

ಮರುಬಣ್ಣ ಪತ್ತೆ ಮಾಡಲು ಅಲ್ಟ್ರಾವಯಲೆಟ್ ದೀಪ ಸಹಾಯಕ. ಕತ್ತಲ ಕೋಣೆಯಲ್ಲಿ ಅದನ್ನು ಹಾಯಿಸಿದಾಗ ಮುಖದ ಒಂದು ಭಾಗ ಉಳಿದದ್ದಕ್ಕಿಂತ ಬೇರೆ ರೀತಿಯಲ್ಲಿ ಹೊಳೆದರೆ ಅಲ್ಲಿ ಹೊಸ ಬಣ್ಣವೋ ಅಂಟೋ ಇರುವ ಸಂಭವ ಹೆಚ್ಚು. ದೀಪವಿಲ್ಲದಿದ್ದರೆ ಮುಖದ ಬಣ್ಣವನ್ನು ಬಟ್ಟೆಯ ಅಡಿಯಲ್ಲಿ ಬೆಳಕು ಕಾಣದೆ ಉಳಿದ ಹೊಟ್ಟೆಯ ಬಣ್ಣದೊಂದಿಗೆ ಹೋಲಿಸಿ. ಮುಖ ನುಣ್ಣಗೆ, ಹೊಟ್ಟೆ ಬಿರುಕಿನಿಂದ ತುಂಬಿದ್ದರೆ ಮುಖಕ್ಕೆ ಯಾರೋ ಕೈಯಾಡಿಸಿದ್ದಾರೆ.

ಕೊನೆಯದಾಗಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಒಳಗೆ ಬೂಷ್ಟು ಇದೆ.

ಬೆಲೆ ಮತ್ತು ಮಾರುವವರ ಭಾಷೆ

ಆನ್‌ಲೈನ್‌ನಲ್ಲಿ ಕೇಳುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ. ಈಬೇಯಂಥ ತಾಣಗಳಲ್ಲಿ ಮುಗಿದ ಮಾರಾಟಗಳನ್ನು ಮಾತ್ರ ಸೋಸಿ ನೋಡುವ ಸೌಲಭ್ಯವಿದೆ. ನಿಮ್ಮ ಗೊಂಬೆಯ ಅಳತೆ, ಸ್ಥಿತಿ, ಉಡುಪು ಮೂರಕ್ಕೂ ಹೊಂದುವ ಹಲವು ಮಾರಾಟಗಳನ್ನು ನೋಡಿಯೇ ಬೆಲೆ ಅಂದಾಜು ಮಾಡಿಕೊಳ್ಳಬೇಕು. ವಿವರಣೆಯ ಪದಗಳನ್ನೂ ಓದಲು ಕಲಿಯಬೇಕು. ‘ಟಿಎಲ್‌ಸಿ (ಟೆಂಡರ್ ಲವಿಂಗ್ ಕೇರ್, ಅಕ್ಕರೆಯ ಆರೈಕೆ) ಬೇಕು’ ಎಂದಿದ್ದರೆ ಗೊಂಬೆಯ ಸ್ಥಿತಿ ಕೆಟ್ಟಿದೆ ಎಂದು ತಿಳಿಯಿರಿ. ‘ರೀಡ್ರೆಸ್ಡ್’ ಎಂದರೆ ಉಡುಪು ಮೂಲದ್ದಲ್ಲ. ‘ರಿಸ್ಟೋರ್ಡ್’ ಎಂದಿದ್ದರೆ ಯಾವ ಭಾಗಕ್ಕೆ, ಯಾವ ವಸ್ತುವಿನಿಂದ ಎಂದು ಕೇಳಿ. ‘ಆಲ್ ಒರಿಜಿನಲ್’ ಎಂದಿದ್ದರೆ ವಿಗ್, ಉಡುಪು, ಬೂಟು, ಕಾಲುಚೀಲ ಒಂದೊಂದರ ಬಗ್ಗೆಯೂ ಪ್ರತ್ಯೇಕವಾಗಿ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಮುಖದ ಎರಡೂ ಪಕ್ಕ, ಕತ್ತಿನ ಬುಡ, ಬಟ್ಟೆಯಿಲ್ಲದ ಬೆನ್ನು, ಅಂಗಾಲು ಇವುಗಳ ಹತ್ತಿರದ ಚಿತ್ರ ಕೊಡಲೊಪ್ಪದ ಮಾರಾಟಗಾರರಿಂದ ಕೊಳ್ಳದಿರುವುದೇ ಕ್ಷೇಮ.

ವಿದೇಶದಿಂದ ಭಾರತಕ್ಕೆ ತರಿಸುವವರು ಕಸ್ಟಮ್ಸ್ ಸುಂಕ ಮತ್ತು ನಿಯಮಗಳನ್ನು ಮೊದಲೇ ವಿಚಾರಿಸಿಕೊಂಡಿರಬೇಕು. ನನ್ನ ದೃಷ್ಟಿಯಲ್ಲಿ, ಅಲ್ಲಿರುವ ನೆಂಟರು ಬರುವಾಗ ಕೈಚೀಲದಲ್ಲಿ ತರುವುದು ಅಂಚೆಗಿಂತ ಮೇಲು. ವಾರಗಟ್ಟಲೆ ಗೋದಾಮುಗಳ ಸೆಖೆ ಮತ್ತು ತೇವದಲ್ಲಿ ಕಳೆಯುವುದು ಈ ಗೊಂಬೆಗಳಿಗೆ ಒಗ್ಗದು.

ಮನೆಗೆ ತಂದ ಮೇಲೆ

ಹೊಸದಾಗಿ ಬಂದ ಗೊಂಬೆಯನ್ನು ಉಳಿದವುಗಳ ಜೊತೆ ಕೂಡಲೇ ಸೇರಿಸಬೇಡಿ. ಕೆಲವು ವಾರ ಬೇರೆ ಕೋಣೆಯಲ್ಲಿ, ಬಿಳಿ ಕಾಗದದ ಮೇಲೆ ಇಟ್ಟರೆ ಹುಳುಗಳ ಸುಳಿವು ಪುಡಿಯ ರೂಪದಲ್ಲಿ ಕಾಗದದ ಮೇಲೆ ಬೀಳುತ್ತದೆ. ಅಂಟು ಮತ್ತು ಪಿಷ್ಟವನ್ನು ಜಿರಲೆ, ಬೆಳ್ಳಿಮೀನು ಹುಳು, ಇಲಿ ಎಲ್ಲವೂ ತಿನ್ನುತ್ತವೆ. ಮೊಹೇರ್ ವಿಗ್ಗಿಗೆ ನುಸಿ ಬೀಳುತ್ತದೆ.

ಸ್ವಚ್ಛಗೊಳಿಸುವುದೆಂದರೆ ಮೇಕಪ್ಪಿಗೆ ಬಳಸುವಂಥ ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆಯುವುದು, ಅಷ್ಟೇ. ನೀರು ಕಾಂಪೊಸಿಷನ್ನಿನ ಶತ್ರು. ಬಣ್ಣ ಪೂರ್ತಿ ಅಖಂಡವಾಗಿರುವ ಕಡೆ ಮಾತ್ರ, ಅದೂ ಮೊದಲು ಅಂಗಾಲಿನಲ್ಲಿ ಪರೀಕ್ಷಿಸಿ, ಹಿಂಡಿ ತೆಗೆದ ಹತ್ತಿಯ ಕಡ್ಡಿಯನ್ನು ಒಮ್ಮೆ ಆಡಿಸಿ ತಕ್ಷಣ ಒಣ ಹತ್ತಿಯಿಂದ ಒರೆಸಬಹುದು. ಬಿರುಕಿರುವ ಕಡೆ ಅದನ್ನೂ ಮಾಡಬಾರದು. ಹುಬ್ಬು ಮತ್ತು ತುಟಿಯ ಬಣ್ಣವನ್ನು ಮುಟ್ಟಲೇಬಾರದು. ಸ್ವಲ್ಪ ಮಾಸಿದ ಕೆನ್ನೆ ಉಜ್ಜಿ ಬೆಳ್ಳಗಾದ ಕೆನ್ನೆಗಿಂತ ಎಷ್ಟೋ ಮೇಲು ಎಂದು ನಾನು ನಂಬಿದ್ದೇನೆ. ಉಡುಪನ್ನು ಒಗೆಯುವುದಿದ್ದರೆ ಗೊಂಬೆಯಿಂದ ಬಿಚ್ಚಿ ಒಗೆದು, ಪೂರ್ತಿ ಒಣಗಿದ ಮೇಲೆಯೇ ತೊಡಿಸಿ. ತುಕ್ಕು ಹಿಡಿದ ಪಿನ್ನುಗಳನ್ನು ತೆಗೆದುಬಿಡಿ. ವಿಗ್ಗಿನ ಮೂಲ ಸುರುಳಿಗಳಿಗೆ ಬಾಚಣಿಗೆ ಹಾಕಬೇಡಿ. ಆ ಕಾಲದ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ ಉದುರುವ ಗೊಂಬೆಯನ್ನು ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಆಟಕ್ಕೆ ಕೊಡಬೇಡಿ.

ಹವೆ

ಸಾಪೇಕ್ಷ ತೇವಾಂಶ ಸುಮಾರು 45ರಿಂದ 55 ಶೇಕಡಾ ನಡುವೆ ಇದ್ದು, ಅದು ದಿನದಿಂದ ದಿನಕ್ಕೆ ಏರುಪೇರಾಗದಿದ್ದರೆ ಕಾಂಪೊಸಿಷನ್ ನೆಮ್ಮದಿಯಾಗಿರುತ್ತದೆ. ಅಂಕಿಗಿಂತಲೂ ಸ್ಥಿರತೆ ಮುಖ್ಯ. ಗಾಜಿನ ಬೀರುವಿನೊಳಗೆ ತೇವಾಂಶ ಅಳೆಯುವ ಒಂದು ಅಗ್ಗದ ಡಿಜಿಟಲ್ ಹೈಗ್ರೋಮೀಟರ್ ಇಟ್ಟು, ಬೆಳಿಗ್ಗೆ ಸಂಜೆ ಅದರ ಅಂಕಿಯನ್ನು ಒಂದಷ್ಟು ದಿನ ಬರೆದಿಟ್ಟರೆ ನಿಮ್ಮ ಮನೆಯ ಸ್ವಭಾವ ತಿಳಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಮುಚ್ಚದೆ ಇಟ್ಟ ಗೊಂಬೆಗೆ ಬೂಷ್ಟು ಹಿಡಿಯುವುದು ಹೆಚ್ಚುಕಡಿಮೆ ಖಚಿತ; ಅಲ್ಲಿ ಡಿಹ್ಯೂಮಿಡಿಫೈಯರ್ ಇಲ್ಲದೆ ಸಂಗ್ರಹಕ್ಕೆ ಕೈಹಾಕುವುದನ್ನು ನಾನು ಒಪ್ಪಲಾರೆ. ರಾತ್ರಿ ಮಾತ್ರ ಏಸಿ ಹಾಕಿ ಹಗಲು ಆರಿಸುವ ಕೋಣೆ ಇನ್ನೂ ಕೆಟ್ಟದ್ದು, ಏಕೆಂದರೆ ಗೊಂಬೆ ಪ್ರತಿದಿನ ಉಬ್ಬಿ ಕುಗ್ಗುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಮಳೆಗಾಲದ ತೇವದಷ್ಟೇ ಮಾರ್ಚ್‌ನ ಒಣ ಮಧ್ಯಾಹ್ನಗಳ ಬಗ್ಗೆಯೂ ಎಚ್ಚರ ಬೇಕು. ನ್ಯೂಜೆರ್ಸಿ, ಮಿಷಿಗನ್‌ಗಳಲ್ಲಿರುವ ನಮ್ಮವರ ಮನೆಗಳಲ್ಲಿ ಚಳಿಗಾಲದ ಹೀಟರು ಗಾಳಿಯನ್ನು ವಿಪರೀತ ಒಣಗಿಸುತ್ತದೆ. ಬೀರುವನ್ನು ಬಿಸಿಗಾಳಿಯ ಕಿಂಡಿಯಿಂದ ದೂರ, ಹೊರಗೋಡೆಗೆ ತಾಗದಂತೆ ಇಡಬೇಕು. ಅಟ್ಟ ಮತ್ತು ಬೇಸ್‌ಮೆಂಟ್ ಎರಡೂ ಸಲ್ಲವು.

ನಮ್ಮ ಮನೆಗಳ ಎರಡು ಒಳ್ಳೆಯ ರೂಢಿಗಳು ಇಲ್ಲಿ ಕೆಲಸಕ್ಕೆ ಬಾರವು. ಮಳೆಗಾಲ ಮುಗಿದ ಮೇಲೆ ರೇಷ್ಮೆ ಸೀರೆಗಳನ್ನು ಬಿಸಿಲ ಕಾವಿಗೆ ಹರವುವಂತೆ ಈ ಗೊಂಬೆಗಳನ್ನು ಬಿಸಿಲಿಗಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಮೈ ಬಿರಿಯಬಹುದು. ನುಸಿಗುಳಿಗೆಯ ಆವಿ ಸೆಲ್ಯುಲಾಯ್ಡ್ ಕಣ್ಣಿಗಾಗಲಿ ಹಳೆಯ ಬಣ್ಣಕ್ಕಾಗಲಿ ಹಿತವಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೂ ಬೇಡ, ಒಳಗಿನ ತೇವ ಅಲ್ಲೇ ನಿಂತು ಬೂಷ್ಟಾಗುತ್ತದೆ. ಒಗೆದು ಗಂಜಿ ತೆಗೆದ ಬಿಳಿ ಮಲ್ ಬಟ್ಟೆ ಅಥವಾ ಆಸಿಡ್ ಇಲ್ಲದ ಟಿಶ್ಯೂ ಕಾಗದದಲ್ಲಿ ಸುತ್ತಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಬಣ್ಣದ ಟಿಶ್ಯೂ ಬಳಸಿದರೆ ಅದರ ಬಣ್ಣ ಮೈಗೆ ಹತ್ತುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಮುಚ್ಚಿದ ಡಬ್ಬಿಯಲ್ಲಿ ಹೆಚ್ಚಾಗಿ ತುಂಬಿದರೆ ಅತಿಯಾಗಿ ಒಣಗಿ ಸೀಳು ಬರುತ್ತದೆ. ಹೈಗ್ರೋಮೀಟರ್ ನೋಡಿಕೊಂಡೇ ಬಳಸಬೇಕು.

ರಿಪೇರಿ

ಇಲಾಸ್ಟಿಕ್ ಸಡಿಲಾಗಿ ತಲೆ ವಾಲಿದ್ದರೆ ಹೊಸ ದಾರ ಹಾಕುವುದು ಮನೆಯಲ್ಲೇ ಕಲಿಯಬಹುದಾದ ಕೆಲಸ. ಹಳೆಯ ಕೊಕ್ಕೆಗಳನ್ನು ಎಸೆಯದೆ ಉಳಿಸಿಕೊಳ್ಳಿ, ದಾರವನ್ನು ಗೊಂಬೆ ನಿಲ್ಲುವಷ್ಟು ಮಾತ್ರ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಕತ್ತಿನ ಮತ್ತು ತೋಳಿನ ಅಂಚುಗಳು ಒತ್ತಡಕ್ಕೆ ಒಡೆಯುತ್ತವೆ. ಏಳುತ್ತಿರುವ ಬಣ್ಣವನ್ನು ಕೂರಿಸುವುದು, ಸೀಳು ತುಂಬುವುದು ಅನುಭವಿ ಕನ್ಸರ್ವೇಟರ್ (ಹಳೆಯ ವಸ್ತುಗಳ ಸಂರಕ್ಷಣೆಯ ತಜ್ಞರು) ಮಾಡಬೇಕಾದ ಕೆಲಸ. ಮುಖಕ್ಕೆ ಪೂರ್ತಿ ಹೊಸ ಬಣ್ಣ ಬಳಿಸಿದರೆ ಬೆಲೆಯೂ ಹೋಗುತ್ತದೆ, ಮೂಲ ಮುಖವನ್ನು ಬಿಡಿಸಿದ ಕೈಯ ಗುರುತೂ ಹೋಗುತ್ತದೆ.

ದಾಖಲೆ

ಪ್ರತಿ ಗೊಂಬೆಗೂ ಒಂದು ಪುಟ ಇಡಿ. ಕೊಂಡ ದಿನ, ಸ್ಥಳ, ಬೆಲೆ, ಅಳತೆ, ಗುರುತುಗಳು ಇರುವ ಜಾಗ, ಯಾವುದು ಮೂಲದ್ದು ಯಾವುದು ಬದಲಿಸಿದ್ದು ಎಂಬ ವಿವರ, ಹಿಂದಿನ ಒಡೆಯರು ಹೇಳಿದ ಮಾತುಗಳನ್ನು ಬರೆಯಿರಿ. ಮುಖ, ಬೆನ್ನು ಮತ್ತು ಬಿರುಕುಗಳ ಚಿತ್ರಗಳನ್ನು ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ವರ್ಷಕ್ಕೊಮ್ಮೆ ತೆಗೆದು ಹಿಂದಿನ ವರ್ಷದವುಗಳ ಪಕ್ಕ ಇಟ್ಟು ನೋಡಿ. ಬಿರುಕು ಬೆಳೆದಿದ್ದರೆ ಮೊದಲು ಹೈಗ್ರೋಮೀಟರಿನ ಅಂಕಿಗಳನ್ನು, ಆಮೇಲೆ ಬೀರುವಿನ ಜಾಗವನ್ನು ಪರಿಶೀಲಿಸಿ. ಎರಡೂ ಸರಿಯಿದ್ದು ಬಿರುಕು ಮುಂದುವರಿಯುತ್ತಿದ್ದರೆ ಗೊಂಬೆಯನ್ನು ಪ್ರದರ್ಶನದಿಂದ ತೆಗೆದು, ಮಲ್ ಬಟ್ಟೆಯಲ್ಲಿ ಸುತ್ತಿ, ಕನ್ಸರ್ವೇಟರ್ ನೋಡುವವರೆಗೆ ಪೆಟ್ಟಿಗೆಯಲ್ಲಿ ಅಲುಗಾಡದಂತೆ ಇಡಿ.